ನಿಲ್ಲಿಸಬೇಕಾದ ತುಣುಕು

ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಮೇಣದ ಅಚ್ಚಿಗೆ ಇಳಿಯಬೇಕಾಗಿದ್ದ ತುಣುಕು ಹನ್ನೊಂದು ದಿನದ ಹೆಣ್ಣು ಕೂಸಿನ ಕರುಳಿನದು. ಅಕ್ಕಿ ಕಾಳಿಗಿಂತ ತುಸು ದೊಡ್ಡದು. ಡಬ್ಬಿಯ ಮೇಲೆ ಹೆಸರಿರಲಿಲ್ಲ, ಸಂಖ್ಯೆಯಷ್ಟೇ ಇತ್ತು. ಆದರೂ ಪ್ರಯೋಗಾಲಯದ ತಂತ್ರಜ್ಞೆಗೆ ಅದು ಯಾರದೆಂದು ಗೊತ್ತಿತ್ತು. ಅವಳ ತಮ್ಮನ ಮಗಳದು.

ಹುಟ್ಟುವಾಗಲೇ ಕೂಸಿನ ಹೊಟ್ಟೆ ಉಬ್ಬಿತ್ತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ತಮ್ಮ ಅದನ್ನು ಗುಂಡಮ್ಮ ಎಂದು ಕರೆದು, ಹೊಟ್ಟೆ ನೋಡಿದರೆ ಸಾಕು ಅಪ್ಪ ಯಾರೆಂದು ಗೊತ್ತಾಗುತ್ತದೆ ಎಂದು ನಗಾಡಿದ್ದ. ಎರಡನೇ ದಿನ ಹಸಿರು ವಾಂತಿಯಾಯಿತು. ಮೂತ್ರ ತಾನಾಗಿ ಬರಲಿಲ್ಲ, ನಳಿಕೆ ಹಾಕಿದರು. ಆಮೇಲೆ ಯಾರೂ ನಗಲಿಲ್ಲ.

ಗುದದ ಬಳಿಯಿಂದ ಮೊದಲು ತೆಗೆದ ಚೂರಿನಲ್ಲಿ ನರಕೋಶಗಳಿವೆ ಎಂದು ವರದಿ ಬಂದಾಗ ತಮ್ಮ ಓಡಿಬಂದಿದ್ದ. "ಅಕ್ಕಾ, ನರ ಎಲ್ಲಾ ಸರಿಯಾಗಿದ್ಯಂತೆ. ಬದುಕ್ಕೊಂಡ್ವಿ."

ಅವಳಿಗೆ ಅದು ಒಳ್ಳೆಯ ಸುದ್ದಿಯಾಗಿರಲಿಲ್ಲ. ನರಕೋಶ ಇಲ್ಲದಿದ್ದರೆ ಆ ಭಾಗವನ್ನು ಕತ್ತರಿಸಿ ಉಳಿದದ್ದನ್ನು ಜೋಡಿಸಬಹುದು. ನರ ಸರಿಯಿದ್ದೂ ಕರುಳು, ಮೂತ್ರಕೋಶ ಎರಡೂ ಮಿಸುಕದಿದ್ದರೆ ಅನುಮಾನ ಸ್ನಾಯುವಿನ ಮೇಲೆ ಹೋಗುತ್ತದೆ. ಹುಟ್ಟಿನಿಂದಲೇ ಸ್ನಾಯುವಿಗೆ ಬಲವಿಲ್ಲದಿದ್ದರೆ ಕತ್ತರಿಸಿ ಎಸೆಯುವುದು ಎಷ್ಟನ್ನು? ಅವಳು ತಮ್ಮನಿಗೆ ಕಾಫಿ ಕುಡಿಸಿ ವಾರ್ಡಿಗೆ ವಾಪಸು ಕಳಿಸಿದ್ದಳು.

ಕರುಳಿನ ಗೋಡೆಯ ಪೂರ್ತಿ ದಪ್ಪ ಸಿಗುವಂತೆ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಣುಕು ಇದೊಂದೇ. ಇದು ಕೆಟ್ಟರೆ ಕೂಸಿನ ಹೊಟ್ಟೆಯನ್ನು ಮತ್ತೆ ಕೊಯ್ಯಬೇಕು. ಸಂಬಂಧಿಕರ ತುಣುಕನ್ನು ಮುಟ್ಟಬಾರದು ಎಂಬ ನಿಯಮ ಅಲ್ಲಿತ್ತು. ಬೇರೆಯವರ ಕೈಗೆ ಬಿಡಲು ಧೈರ್ಯ ಸಾಲದೆ ಅವಳು ವಿಷಯ ಮುಚ್ಚಿಟ್ಟಿದ್ದಳು.

ಕರಗಿದ ಮೇಣದಲ್ಲಿ ತುಣುಕನ್ನು ಅಂಚಿನ ಮೇಲೆ ನಿಲ್ಲಿಸಬೇಕು; ಆಗ, ಗಟ್ಟಿಯಾದ ಮೇಣವನ್ನು ಬ್ಲೇಡಿನಿಂದ ತೆಳುವಾಗಿ ಹೆರೆದಾಗ, ಗೋಡೆಯ ಪದರಗಳೆಲ್ಲ ಒಂದರ ಪಕ್ಕ ಒಂದು ಕಾಣುತ್ತವೆ. ಮಲಗಿದರೆ ಕೆಲಸಕ್ಕೆ ಬಾರದು. ಮೇಣ ಗಟ್ಟಿಯಾಗುವ ಮುನ್ನ ಇನ್ನೊಬ್ಬರು ಬಗ್ಗಿ ನೋಡಿ "ನಿಂತಿದೆ" ಎಂದು ಹೇಳುವುದು ವಾಡಿಕೆ. ಅದನ್ನು ಹೇಳಬೇಕಾದವರು ಅಲ್ಲಿನ ಹಿರಿಯ ತಂತ್ರಜ್ಞರು. ಎಲ್ಲರ ಬಾಯಲ್ಲೂ ಮೇಷ್ಟ್ರು. ಕರೆದರೆ ತನ್ನ ಕೈ ನಡುಗುವುದು ಅವರ ಕಣ್ಣಿಗೆ ಬಿದ್ದೀತೆಂದು ಕರೆಯಲಿಲ್ಲ. ಚಿಮಟದಿಂದ ತುಣುಕನ್ನು ಇಳಿಸಿ, ಅಚ್ಚನ್ನು ತಣ್ಣನೆಯ ತಟ್ಟೆಗೆ ಸರಿಸಿದಳು. ಮೇಣ ಬೆಳ್ಳಗಾಗತೊಡಗಿತು. ಆಗ ಕಂಡಿತು. ತುಣುಕು ಮಲಗಿತ್ತು.

ಬ್ಲೇಡಿಗೆ ಇನ್ನೂ ಕೊಟ್ಟಿಲ್ಲ, ಕರಗಿಸಿ ಮತ್ತೆ ನಿಲ್ಲಿಸಬಹುದು. ಹೊಸಬರಿಗೆ ಅವಳೇ ಕಲಿಸಿದ್ದ ಪಾಠ. ಆದರೆ ಅವಳು ಚಿಮಟ ಹಿಡಿದು ಅಚ್ಚನ್ನೇ ನೋಡುತ್ತ ಕೂತಳು.

"ಏನಮ್ಮಾ, ಮೇಣದ ಜೊತೆ ನೀನೂ ಗಟ್ಟಿಯಾದ್ಯಾ?" ಮೇಷ್ಟ್ರು ಹಿಂದಿನಿಂದ ಕೇಳಿದರು.

"ಇದು ನನ್ನ ತಮ್ಮನ ಮಗೂದು, ಮೇಷ್ಟ್ರೇ. ಹೇಳ್ಲಿಲ್ಲ ನಾನು. ಮಲಗಿಸ್ಬಿಟ್ಟಿದೀನಿ."

ಸಣ್ಣ ತಪ್ಪಿಗೂ ಗಂಟೆಗಟ್ಟಲೆ ಬೈಯುವ ಅವರು ಈಗ ಬೈಯಲಿಲ್ಲ. ಅವಳನ್ನು ಎಬ್ಬಿಸಿ ತಾವು ಕೂತರು. ಮೇಣ ಕರಗಿಸಿ, ಭೂತಗನ್ನಡಿಯ ಕೆಳಗೆ ತುಣುಕನ್ನು ಎತ್ತಿ ನಿಲ್ಲಿಸಿ, ಪಕ್ಕದ ಮೇಜಿನವಳನ್ನು ಕರೆದರು. ಆಕೆ ಬಗ್ಗಿ ನೋಡಿ, ನಿಂತಿದೆ ಎಂದಳು.

ಗಟ್ಟಿ ಸ್ನಾಯುವಿಗಷ್ಟೇ ಕಂದು ಹಿಡಿಸುವ ಬಣ್ಣದ ಕೆಲಸ ಮುಗಿದಾಗ ಸಂಜೆ ಐದೂವರೆ. ವರದಿ ಬರೆಯುವ ವೈದ್ಯೆ ಬಹಳ ಹೊತ್ತು ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ್ದರು. ಆಮೇಲೆ ಎದ್ದು ಅವಳಿಗೆ ಕುರ್ಚಿ ಬಿಟ್ಟುಕೊಟ್ಟರು.

ಒಳಪದರದ ಸ್ನಾಯು ಬಿಳಿಚಿಕೊಂಡಿತ್ತು, ನಡುನಡುವೆ ಟೊಳ್ಳು. ಬಣ್ಣವೇ ಕೆಟ್ಟಿರಬಹುದೆಂದು ಅವಳು ಸ್ಲೈಡನ್ನು ಸರಿಸಿದಳು. ಅದೇ ತುಣುಕಿನ ರಕ್ತನಾಳಗಳ ಗೋಡೆಯ ಸ್ನಾಯು ಗಾಢ ಕಂದಾಗಿತ್ತು. ಬಣ್ಣ ಕೆಟ್ಟಿರಲಿಲ್ಲ; ಕರುಳಿನ ಸ್ನಾಯುವಿಗೇ ಬಲವಿರಲಿಲ್ಲ.

ಜೇಬಿನಲ್ಲಿ ಫೋನು ಅದುರಿತು.

"ಅಕ್ಕಾ, ನರದ ಥರ ಇದೂ ಸರಿ ಇರುತ್ತೆ ಅಲ್ವಾ?"

"ಡಾಕ್ಟ್ರು ಹೇಳ್ತಾರೆ ಕಣೋ. ಅಲ್ಲೇ ಇರು, ನಾನೂ ಬರ್ತೀನಿ."

ಎರಡು ದಿನದ ನಂತರ ಕೂಸಿನ ಎದೆಯ ರಕ್ತನಾಳಕ್ಕೆ ಸಪೂರ ನಳಿಕೆ ಕೂರಿಸಿದರು. ಅಂದಿನಿಂದ ಅದರ ಆಹಾರ ಕರುಳಿಗಲ್ಲ, ಆ ನಳಿಕೆಯಲ್ಲಿ ನೇರ ರಕ್ತಕ್ಕೇ ಹೋಯಿತು.