ಅಂಚು ಬಾಗಿದ ಜೇಡಿಮಣ್ಣು

ಗುನ್ವೋರ್ ಸೇವಿಕ್ ತನ್ನ ಮೂವತ್ತನಾಲ್ಕು ವರ್ಷದ ಕೆಲಸದಲ್ಲಿ ಒಂದು ಹಿಡಿ ಮಣ್ಣನ್ನೂ ನೋಡದೆ ಎಸೆದವಳಲ್ಲ. ಸಮುದ್ರದ ತಳಕ್ಕೆ ಉಕ್ಕಿನ ಕೊಳವೆ ಒತ್ತಿ, ಅದರೊಳಗೆ ತುಂಬಿ ತಂದ ಜೇಡಿಮಣ್ಣು ಅದು. ಹಿಮದ ಗುಡ್ಡಗಳು ಕರಗಿ ಹರಿದ ಕಾಲದಲ್ಲಿ ದೇವರು ಪದರದ ಮೇಲೆ ಪದರ ಹಾಸಿ, ಸಾವಿರಾರು ವರ್ಷ ಯಾರ ಕೈಗೂ ಸಿಗದಂತೆ ಕಾಪಾಡಿಟ್ಟದ್ದು. ಪರೀಕ್ಷೆ ಮುಗಿದ ಮೇಲೂ ತೊಟ್ಟಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡುವುದು ಅವಳ ಪದ್ಧತಿ. ಟ್ರೋಂಡ್‌ಹೈಮಿನ ಆ ಪ್ರಯೋಗಾಲಯದಲ್ಲಿ ಇದಕ್ಕೆ ‘ಗುನ್ವೋರಳ ಶವದರ್ಶನ’ ಎಂದು ಹೆಸರು. ಹೆಸರಿಟ್ಟವನು ಪ್ರೊಫೆಸರ್ ತೊರ್ಮೊದ್.

ಗುರುವಾರ ಬೆಳಿಗ್ಗೆ, ಮಣ್ಣನ್ನು ತಣ್ಣಗೆ ಕಾಪಿಡುವ ಕೋಣೆಯ ಸಿಗ್ವೆ ಅವಳ ಮೇಜಿಗೆ ಬಂದು ನಿಂತ.

“ಜಾಗ ಇಲ್ಲ ಮಾರಾಯ್ತಿ. ಸೋಮವಾರ ಹಡಗಿಂದ ಇನ್ನೂ ನಲವತ್ತು ಕೊಳವೆ ಬರ್ತವೆ. ಮೂರನೇ ಅಟ್ಟದ್ದೆಲ್ಲ ತೊರ್ಮೊದ್‌ದು. ಎಸೀಲಾ?”

“ತಡಿ, ನೋಡಿ ಕೊಡ್ತೀನಿ.”

“ಅವನ ಮುಖ ನೋಡಲ್ಲ, ಅವನ ಮಣ್ಣು ಮಾತ್ರ ನೋಡ್ತೀಯ.”

“ಮಣ್ಣು ನನಗೇನೂ ಮಾಡಿಲ್ಲ,” ಎಂದಳು ಗುನ್ವೋರ್.

ತೊರ್ಮೊದ್ ಮಾಡಿದ್ದು ಇಷ್ಟು. ಒಂಬತ್ತು ವರ್ಷದ ಹಿಂದೆ ಅವನ ಒಂದು ಲೆಕ್ಕ ದಾರಿ ತಪ್ಪಿತು. ಪಟ್ಟಿಯಲ್ಲಿ ಆಳವನ್ನು ಓದುವಾಗ ಅವನೇ ಒಂದು ಸಾಲು ಕೆಳಗಿನದನ್ನು ಓದಿಕೊಂಡಿದ್ದ. ಆದರೆ ಅಚ್ಚಾದ ವರದಿಯಲ್ಲಿ ಅದಕ್ಕೆ ಕಾರಣ ಎಂದು ಎರಡು ಪದ ಬರೆದ: ಪ್ರಯೋಗಾಲಯದ ತಪ್ಪು. ಪ್ರಯೋಗಾಲಯ ಎಂದರೆ ಗುನ್ವೋರ್ ಎಂಬುದು ಊರಿಗೆಲ್ಲ ಗೊತ್ತು. ಅವಳು ತನ್ನ ದಿನಚರಿಯ ಪುಸ್ತಕ ಒಯ್ದು ಅವನ ಮುಂದೆ ತೆರೆದಿಟ್ಟಳು. ಅವನು ಪುಟದ ಮೇಲೆ ಕಾಫಿಯ ಲೋಟ ಇಟ್ಟು, “ಅಚ್ಚಾದದ್ದು ಅಚ್ಚಾಯ್ತು,” ಎಂದ. ಅಂದಿನಿಂದ ಇಬ್ಬರ ನಡುವೆ ಮಾತೆಲ್ಲ ಮಣ್ಣಿನ ತಟ್ಟೆಗೆ ಅಂಟಿಸಿದ ಚೀಟಿಗಳಲ್ಲಿ. ಮಾತು ಬಾಯಿಗೆ ಬಂದ ದಿನ ಅದು ಬೈಗುಳವೇ. ಇಬ್ಬರೂ ಕಾರ್ಮೋಯ್ ದ್ವೀಪದ ಒಂದೇ ಪ್ರಾರ್ಥನಾಮನೆಯ ಬೆಂಚಿನಲ್ಲಿ ಕೂತು ಬೆಳೆದವರು. ಒಬ್ಬರ ಮನೆಯ ಹುಳುಕು ಇನ್ನೊಬ್ಬರಿಗೆ ಬಾಯಿಪಾಠ, ಆದ್ದರಿಂದ ಬೈಯಲು ಸರಕಿಗೆ ಕೊರತೆಯಿರಲಿಲ್ಲ.

ಅವಳು ಮೂರನೇ ಅಟ್ಟದ ಮಣ್ಣನ್ನು ಒಂದೊಂದಾಗಿ ಬಿಚ್ಚಿದಳು. ಕೊಳವೆಯಿಂದ ಹೊರಗೆ ಬಂದ ಮಣ್ಣನ್ನು ತಂತಿಯಿಂದ ಉದ್ದಕ್ಕೆ ಸೀಳಿ, ಒಂದು ಹೋಳನ್ನು ಪರೀಕ್ಷೆಗೆ ಬಳಸಿ ಇನ್ನೊಂದನ್ನು ಮೇಣ ಸವರಿ ಇಡುವುದು ರೂಢಿ. ಮೂವತ್ತೊಂದನೇ ಕೊಳವೆಯ ಹೋಳಿನ ಮೇಣ ಎಲ್ಲೋ ಬಿರಿದು, ಮಣ್ಣು ಅರ್ಧ ಒಣಗಿತ್ತು. ಅರ್ಧ ಒಣಗಿದಾಗಲೇ ಜೇಡಿಮಣ್ಣು ತನ್ನ ಗುಟ್ಟು ಬಿಟ್ಟುಕೊಡುವುದು. ಕಪ್ಪು ಬೂದು, ಕಪ್ಪು ಬೂದು ಎಂದು ಪದರಗಳು ಸೀರೆಯ ಅಂಚಿನ ಗೆರೆಗಳ ಹಾಗೆ ಎದ್ದು ಕಾಣುತ್ತಿದ್ದವು.

ಗುನ್ವೋರ್ ಬಗ್ಗಿ ನೋಡಿದಳು. ಕನ್ನಡಕ ಒರೆಸಿ ಮತ್ತೆ ನೋಡಿದಳು.

ಕೊಳವೆ ಮಣ್ಣಿಗೆ ಇಳಿಯುವಾಗ ಅದರ ಗೋಡೆ ಪದರಗಳ ಅಂಚನ್ನು ಸವರಿಕೊಂಡು ಕೆಳಕ್ಕೆ ಎಳೆಯುತ್ತದೆ. ಹಾಗಾಗಿ ಪ್ರತಿ ಪದರವೂ ಎರಡು ತುದಿಯಲ್ಲಿ ಕೆಳಗೆ ಬಾಗಿರಬೇಕು, ಮುನಿಸಿಕೊಂಡವರ ಬಾಯಿಯ ಹಾಗೆ. ಈ ಮಣ್ಣಿನ ಪದರಗಳು ನಗುತ್ತಿದ್ದವು. ಲೇಬಲ್ಲಿನಲ್ಲಿ ‘ಮೇಲು’ ಎಂದು ಬಾಣ ತೋರಿಸಿದ್ದ ತುದಿಯ ಕಡೆಗೇ ಅಂಚುಗಳು ಬಾಗಿದ್ದವು. ಬಾಣ ಅವಳದೇ ಕೈಬರಹ.

ಅವಳಿಗೆ ಆ ದಿನ ನೆನಪಾಯಿತು. ಜನವರಿ. ಎಕ್ಸ್‌ರೇ ಯಂತ್ರ ಕೆಟ್ಟು ಕೂತಿದ್ದ ವಾರ. ಕೊಳವೆಯನ್ನು ತೆರೆಯದೆ ಒಳಗೆ ನೋಡುವ ದಾರಿ ಇರಲಿಲ್ಲ. ತೊರ್ಮೊದ್ ಬಂದು ಅವಳ ಬೆನ್ನ ಹಿಂದೆ ನಿಂತು, “ಮೆಲ್ಲಗೆ ತಳ್ಳಮ್ಮ, ಮತ್ತೆ ನನ್ನ ವರದೀಲಿ ನಿನ್ನ ಹೆಸರು ಬರೋ ಹಾಗೆ ಮಾಡಬೇಡ,” ಎಂದಿದ್ದ. ಅವಳ ಕಿವಿ ಬಿಸಿಯಾಗಿತ್ತು. ಮೇಲಿನ ತುದಿ ಯಾವಾಗಲೂ ಎಡಕ್ಕೆ ಬರುವಂತೆ ಮಲಗಿಸುವ ಕೈ ಅಂದು ಬಲಕ್ಕೆ ಮಲಗಿಸಿ, ಬಾಣವನ್ನು ಮಾತ್ರ ರೂಢಿಯಂತೆ ಎಡತುದಿಗೇ ಬರೆದಿತ್ತು. ಸಿಟ್ಟಿನ ಕೈಗೆ ಎಡ ಬಲ ಎಲ್ಲಿ ತಿಳಿಯುತ್ತದೆ?

ಇಷ್ಟಕ್ಕೆ ಮುಗಿಯುತ್ತಿದ್ದರೆ ಒಂದು ಸಾಲು ತಿದ್ದಿದರೆ ಸಾಕಿತ್ತು. ಆದರೆ ಆ ಕೊಳವೆಯಲ್ಲಿ ಎರಡು ಬೆರಳು ದಪ್ಪದ ಒಂದು ಮೆತ್ತನೆ ಪದರವಿತ್ತು. ಬೆಣ್ಣೆಯಂಥ ಪದರ. ಉತ್ತರ ಸಮುದ್ರದಲ್ಲಿ ಇಪ್ಪತ್ತು ಮಂದಿ ಉಳಿದುಕೊಂಡು ಕೆಲಸ ಮಾಡುವ ಒಂದು ವೇದಿಕೆ ಏಳಬೇಕಿತ್ತು. ಅದರ ನಾಲ್ಕು ಕಾಲಿಗೂ ಬೋರಲು ಹಾಕಿದ ಉಕ್ಕಿನ ಕೊಳಗಗಳು. ಒಳಗಿನ ನೀರನ್ನು ಹೀರಿದಂತೆ ಕೊಳಗ ತಾನಾಗಿ ತಳಕ್ಕೆ ಹೂತುಕೊಳ್ಳುತ್ತದೆ. ಎಲ್ಲರೂ ಹನ್ನೆರಡು ಮೀಟರ್ ಕೊಳಗ ಬೇಕು ಎನ್ನುವಾಗ ತೊರ್ಮೊದ್ ಹನ್ನೊಂದು ಸಾಕು ಎಂದು ಸಾಧಿಸಿದ್ದ. ಐದು ವರ್ಷದ ಸಂಶೋಧನೆ. ಮೆತ್ತನೆ ಪದರ ಕೊಳಗದ ಅಂಚಿಗಿಂತ ಒಂದು ಗೇಣು ಮೇಲಿದೆ, ಉಕ್ಕಿನ ಗೋಡೆ ಅದನ್ನು ಕತ್ತರಿಸಿಕೊಂಡು ಇಳಿಯುತ್ತದೆ, ಭಯವಿಲ್ಲ ಎಂಬುದು ಅವನ ವಾದದ ಬುಡ. ಕೋಲು ಚುಚ್ಚಿ ನೋಡುವ ಪರೀಕ್ಷೆಯಲ್ಲಿ ಅಷ್ಟು ತೆಳು ಪದರ ಸರಿಯಾಗಿ ಕಾಣುವುದಿಲ್ಲ. ಆಧಾರವೆಂದು ಇದ್ದದ್ದು ಮೂವತ್ತೊಂದನೇ ಕೊಳವೆ ಒಂದೇ.

ಕೊಳವೆಯನ್ನು ತಿರುಗಿಸಿದರೆ ಪದರ ಅಂಚಿಗಿಂತ ಒಂದು ಗೇಣು ಕೆಳಕ್ಕೆ ಹೋಗುತ್ತದೆ. ಚಳಿಗಾಲದ ಅಲೆ ಬಂದು ಗುದ್ದಿದ ದಿನ ಕೊಳಗ ಆ ಬೆಣ್ಣೆಯ ಮೇಲೆ ಜಾರುತ್ತದೆ.

ಇನ್ನೂ ಒಂದಿತ್ತು. ವರದಿಯ ಆ ಪುಟದಲ್ಲಿ ತೊರ್ಮೊದ್ ಬರೆದಿದ್ದ: ‘ಈ ಅಂಕಿ ಗುನ್ವೋರ್ ಸೇವಿಕ್ ಅವರ ಕೈಯಿಂದ ಬಂದದ್ದು, ಅನುಮಾನಕ್ಕೆ ಎಡೆಯಿಲ್ಲ.’ ಒಂಬತ್ತು ವರ್ಷದಲ್ಲಿ ಅವನಿಂದ ಬಂದ ಒಂದೇ ಒಂದು ಒಳ್ಳೆಯ ಮಾತು. ತನಗೆ ಬೇಕಾದ ಅಂಕಿ ಸಿಕ್ಕಿತೆಂದು ಬರೆದದ್ದು, ಅವಳಿಗೆ ಗೊತ್ತು. ಆದರೂ ಆ ಪುಟವನ್ನು ಅವಳು ನಾಲ್ಕು ಸಲ ಓದಿದ್ದಳು.

ಊಟದ ಹೊತ್ತಿಗೆ ಡಬ್ಬಿ ತೆರೆದು, ಕಂದು ಚೀಸ್ ಹಚ್ಚಿದ ಬ್ರೆಡ್ಡನ್ನು ನೋಡುತ್ತ ಕೂತಳು. ಸಿಗ್ವೆಯ ತೊಟ್ಟಿ ಬಾಗಿಲಲ್ಲೇ ಇತ್ತು. ಹೋಳನ್ನು ಅದರೊಳಗೆ ಬಿಟ್ಟರೆ ಲೋಕದಲ್ಲಿ ಸಾಕ್ಷಿ ಉಳಿಯುವುದಿಲ್ಲ. ಹೇಳಿದರೆ, ಸುಳ್ಳೆಂದು ಒಂಬತ್ತು ವರ್ಷ ಹೋರಾಡಿದ ಆ ಎರಡು ಪದ ನಿಜವಾಗುತ್ತವೆ, ಅದೂ ಅವನ ಬಾಯಲ್ಲಿ. ಮೇಲಿರುವವನಿಗೆ ಹನ್ನೊಂದು ಮೀಟರ್ ಮಣ್ಣಿನ ಕೆಳಗಿನದೂ ಕಾಣುತ್ತದೆ ಎಂದುಕೊಂಡಳು. ಬ್ರೆಡ್ಡನ್ನು ಹಾಗೇ ಮುಚ್ಚಿಟ್ಟು, ಮಣ್ಣಿನ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಮಹಡಿ ಹತ್ತಿದಳು.

ತಟ್ಟದೆ ಬಾಗಿಲು ದೂಡಿದವಳನ್ನು ಕಂಡು ತೊರ್ಮೊದ್ ಕನ್ನಡಕ ಹಣೆಗೇರಿಸಿದ.

“ಏನಿದು, ಪ್ರಾರ್ಥನೆಯಮ್ಮನ ಸವಾರಿ ಇಲ್ಲಿಗೆ? ಚೀಟಿ ಮುಗಿದುಹೋದವಾ?”

“ಮೂವತ್ತೊಂದನೇ ಕೊಳವೆ ತಲೆಕೆಳಗಾಗಿದೆ ಪ್ರೊಫೆಸರೇ. ಮೆತ್ತನೆ ಪದರ ನಿಮ್ಮ ಕೊಳಗದ ಅಂಚಿನ ಕೆಳಗಿದೆ.”

“ಯಾರು ತಲೆಕೆಳಗು ಮಾಡಿದ್ದು?”

“ನಾನು.”

ಅವನು ಕುರ್ಚಿಗೆ ಒರಗಿದ. “ನಾಳೆ ಹತ್ತು ಗಂಟೆಗೆ ಸಭೆ. ವೇದಿಕೆ ಕಟ್ಟುವವರು ಬರ್ತಾರೆ, ಸೋಮವಾರ ಉಕ್ಕು ಕತ್ತರಿಸ್ತಾರೆ. ಇವತ್ತು ಮಧ್ಯಾಹ್ನ ನಿನಗೆ ಜ್ಞಾನೋದಯ. ಒಂಬತ್ತು ವರ್ಷ ಕಾದಿದ್ದು ಇದಕ್ಕೇನಾ?”

“ಅದಕ್ಕೆ ಕಾದಿದ್ದರೆ ಇನ್ನೂ ಎರಡು ವರ್ಷ ಕಾಯ್ತಿದ್ದೆ. ನಿನ್ನ ಕೊಳಗ ಸಮುದ್ರಕ್ಕೆ ಇಳಿದು ಜಾರೋವರೆಗೂ.” ‘ಪ್ರೊಫೆಸರೇ’ ಹೋಗಿ ದ್ವೀಪದ ಹಳೆಯ ‘ನೀನು’ ಬಂದಿತ್ತು.

“ಲೇಬಲ್ ತಿರುಗಿಸಿ ಅಂಟಿಸೋಕೆ ಎಷ್ಟು ಹೊತ್ತು ಬೇಕು ನಿನಗೆ? ನಿಮ್ಮಪ್ಪ ಮೀನು ತೂಗುವಾಗ ತಕ್ಕಡಿ ಮೇಲೆ ಹೆಬ್ಬೆರಳು ಇಡ್ತಿದ್ದ. ಮನೆತನದ ಕೈ.”

“ನಿಮ್ಮಪ್ಪ ಆ ಮೀನನ್ನೇ ತಿಂದು ಭಾನುವಾರ ನಮಗೆ ನರಕದ ಬೋಧನೆ ಮಾಡ್ತಿದ್ದರು. ಸತ್ತವರನ್ನ ಬಿಡು. ಮಣ್ಣು ನೋಡು.”

“ನೋಡಲ್ಲ. ತಗೊಂಡು ಹೋಗು.”

ಗುನ್ವೋರ್ ತಟ್ಟೆಯನ್ನು ಅವನ ಕಾಗದಗಳ ಮೇಲೇ ಇಟ್ಟಳು. ಉಗುರಿನಿಂದ ಲೇಬಲ್ಲನ್ನು ಕೆದಕಿ, ಕಿತ್ತು, ಮುದ್ದೆ ಮಾಡಿ ಅವನ ಕಸದ ಬುಟ್ಟಿಗೆ ಹಾಕಿದಳು. ಬಾಣವೂ ಇಲ್ಲ, ಹೆಸರೂ ಇಲ್ಲ. ಬರಿಯ ಮಣ್ಣು.

“ಈಗ ನನ್ನ ಕೈ ಇದರಲ್ಲಿಲ್ಲ. ಅಂಚು ಬಾಗೋದನ್ನ ಚಿತ್ರ ಬರೆದು ಪದವಿ ತಗೊಂಡವನು ನೀನು. ಆ ಚಿತ್ರಕ್ಕೆ ಮಣ್ಣು ಸೀಳಿಕೊಟ್ಟವಳು ನಾನು. ಹೇಳು, ಮೇಲು ಯಾವುದು?”

ಅವನು ಕಿಟಕಿಯ ಕಡೆ ನೋಡಿದ. ಹೊರಗೆ ಮಾರ್ಚಿನ ಕೆಸರುಹಿಮ ಛಾವಣಿಯಿಂದ ಸುರಿಯುತ್ತಿತ್ತು. ಆಮೇಲೆ ಕನ್ನಡಕ ಇಳಿಸಿದ. ಇಷ್ಟು ವರ್ಷ ಮಣ್ಣು ನೋಡಿದ ಕಣ್ಣು, ಬೇಡವೆಂದರೂ ಓದಿಬಿಡುತ್ತದೆ. ಅವಳು ಅವನ ಕೊರಳಿನ ನರವನ್ನೇ ನೋಡುತ್ತ ನಿಂತಳು. ಅದನ್ನು ನೋಡುವಾಗ ಒಳಗೊಂದು ಸಂತೋಷ ಮಿಸುಕಿದ್ದು ಸುಳ್ಳಲ್ಲ. ಅದಕ್ಕೆ ಕ್ಷಮೆ ಬೇಡುವುದು ಆಮೇಲಿನ ಮಾತು.

ತೊರ್ಮೊದ್ ಎರಡು ಬೆರಳಿನಿಂದ ತಟ್ಟೆಯನ್ನು ಮೆಲ್ಲಗೆ ತಿರುಗಿಸಿದ. ಪೂರ್ತಿ ಅರ್ಧ ಸುತ್ತು. ಪದರಗಳು ನಗುವುದನ್ನು ಬಿಟ್ಟು ಮುನಿಸಿಕೊಂಡವು.

ಅವನು ಖಾನೆಯಿಂದ ಒಂದು ಬಿಳಿ ಹಾಳೆ ತೆಗೆದು ಅವಳ ಮುಂದೆ ಸರಿಸಿದ.

“ಬರಿ. ಆ ಎರಡು ಪದ. ಕೆಳಗೆ ಸಹಿ.”

“ಬರೀತೀನಿ. ಆ ಹಳೇ ವರದೀದು?”

“ಅದು ಅಚ್ಚಾಗಿದೆ.”

“ಅದರಲ್ಲಿ ಸುಳ್ಳಿದೆ.”

“ಇದರಲ್ಲಿ ನಿಜ ಇದೆಯಲ್ಲ, ಇದನ್ನ ಬರಿ. ಇನ್ನು ಮುಂದೆ ನನ್ನ ಕೊಳವೆ ಮುಟ್ಟಬೇಡ.”

ಗುನ್ವೋರ್ ನಿಂತುಕೊಂಡೇ ಬರೆದಳು. ‘ಪ್ರಯೋಗಾಲಯದ ತಪ್ಪು. ಮೂವತ್ತೊಂದನೇ ಕೊಳವೆಯನ್ನು ನಾನು ತಲೆಕೆಳಗಾಗಿ ಮಲಗಿಸಿದೆ.’ ಅವಳ ಅಕ್ಷರ ಯಾವತ್ತಿನ ಹಾಗೆ ದುಂಡಗೆ, ನೇರವಾಗಿ ಬಂತು. ಅದಕ್ಕೆ ಅವಳಿಗೇ ಆಶ್ಚರ್ಯ.

ಮರುದಿನದ ಸಭೆಯಲ್ಲಿ ತೊರ್ಮೊದ್ ಆ ಹಾಳೆಯನ್ನು ಎದ್ದು ನಿಂತು ಓದಿದ. ಹಿಂದೆ ಕೂತವರಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಓದಿದ. ಕಟ್ಟುವವರು ತಮ್ಮತಮ್ಮಲ್ಲೇ ಗುಸುಗುಸು ಮಾಡಿ, ಕೊಳಗ ಹನ್ನೆರಡೂವರೆ ಮೀಟರ್ ಇರಲಿ ಎಂದರು. ಐದು ವರ್ಷದ ಅವನ ಹನ್ನೊಂದು ಅಲ್ಲಿಗೆ ಮುಗಿಯಿತು. ಹೊರಗೆ ಹೋಗುವಾಗ ಅವನು ಅವಳ ಪಕ್ಕದಲ್ಲೇ ಹಾದುಹೋದ. ಕಣ್ಣೆತ್ತಲಿಲ್ಲ.

“ನೀನೇ ಹೋಗಿ ಹೇಳಿದ್ದಕ್ಕೆ ಅವನ ಕೊಳಗ ಜಾರೋದು ತಪ್ತು. ಒಂದು ಥ್ಯಾಂಕ್ಸ್ ಆದರೂ ಅಂದನಾ?” ಎಂದು ಸಿಗ್ವೆ ಕೇಳಿದ.

“ಅನ್ನಲಿಲ್ಲ. ನಾನೂ ಅವನಿಗೋಸ್ಕರ ಹೇಳಲಿಲ್ಲ.”

ಸಂಜೆ ಬೆಳಕಿರುವಾಗಲೇ ಅವಳು ಟ್ರೋಂಡ್‌ಹೈಮಿನ ತನ್ನ ಪ್ರಾರ್ಥನಾಮನೆಗೆ ಹೋದಳು. ಬೆಂಚಿನಲ್ಲಿ ಕೂತು, ತನ್ನ ಜನರ ಹೆಸರುಗಳನ್ನು ಎಂದಿನ ಕ್ರಮದಲ್ಲಿ ಹೇಳಿಕೊಂಡಳು. ಅಕ್ಕ, ಅಕ್ಕನ ಮಕ್ಕಳು, ಮಂಡಿನೋವಿನ ಸಿಗ್ವೆ. ಒಂಬತ್ತು ವರ್ಷದಿಂದ ತೊರ್ಮೊದ್‌ನ ಹೆಸರು ಬರುತ್ತಿದ್ದ ಜಾಗಕ್ಕೆ ಬಂದಳು. ನಾಲಗೆ ಏಳಲಿಲ್ಲ. ದೇವರ ಎದುರು ನಟಿಸಬಾರದೆಂದು ಅದನ್ನು ಹಾಗೇ ದಾಟಿ, ಮುಂದೊಂದು ದಿನ ಆ ವೇದಿಕೆಯ ಮೇಲೆ ಮಲಗಲಿರುವ, ಹೆಸರೇ ಗೊತ್ತಿಲ್ಲದ ಇಪ್ಪತ್ತು ಮಂದಿಯನ್ನು ಆ ಜಾಗದಲ್ಲಿ ಕೂರಿಸಿದಳು.