ಗೋಡೆಯ ಮಗ್ಗುಲಿನ ಚಳಿ

ಎರಡನೆಯ ಸಲವೂ ಟೊಮೆಟೊ ಸಸಿಗಳು ಸತ್ತ ಬೆಳಿಗ್ಗೆ ಸಸಿಯಮ್ಮ ಅಳಲಿಲ್ಲ. ಸೊಂಟಕ್ಕೆ ಕೈಕೊಟ್ಟು ನಿಂತು, ಇಳಿಜಾರಿನ ಮೇಲಿದ್ದ ಮೈದುನನ ತೋಟವನ್ನೇ ದಿಟ್ಟಿಸಿದಳು. ನಡುವೆ ಇರುವುದು ಎಪ್ಪತ್ತು ಹೆಜ್ಜೆ. ಅಲ್ಲಿ ಗಿಡಗಳು ಕೊಬ್ಬಿ ನಿಂತಿವೆ, ಇಲ್ಲಿ ಬಿಸಿನೀರು ಎರಚಿದ ಹಾಗೆ ಕಪ್ಪಗೆ ಮುರುಟಿಕೊಂಡಿವೆ. ದೇವರು ಇಷ್ಟೊಂದು ಪಕ್ಷಪಾತ ಮಾಡಲಾರ, ಇದು ಮನುಷ್ಯರದೇ ಕೈವಾಡ ಎಂದು ತೀರ್ಮಾನಿಸಿಬಿಟ್ಟಳು. ತೀರ್ಮಾನಿಸುವುದರಲ್ಲಿ ಅವಳು ಎಂದೂ ತಡಮಾಡಿದವಳಲ್ಲ.

ಸಸಿ ಬೆಳೆಸಿ ಮಾರುವುದು ಅವಳ ಕಸುಬು, ಹಾಗಾಗಿ ಎಲ್ಲರ ಬಾಯಲ್ಲೂ ಸಸಿಯಮ್ಮ. ಮೈದುನ ಹವಾಮಾನ ಕಚೇರಿಯವನು. ದಿನಾ ಬಲೂನು ಹಾರಿಸಿ ಮೇಲಿನ ಗಾಳಿಯ ಬಿಸಿ ತಂಪು ಅಳೆಯುವ ಅವನಿಗೆ ಮನೆಯವರೆಲ್ಲ ಇಟ್ಟ ಹೆಸರೂ ಬಲೂನು. ಜಾಗ ಭಾಗವಾದಾಗ ಕೆಳಗಿನ ತುಂಡು ತನಗಿರಲಿ ಎಂದು ಅವನು ಒಮ್ಮೆ ಕೇಳಿದ್ದ. ಒಮ್ಮೆ ಮಾತ್ರ ಕೇಳಿದ್ದು. ಅನುಮಾನಪಟ್ಟು ಮಾತು ಬಿಡಲು ಸಸಿಯಮ್ಮನಿಗೆ ಅಷ್ಟು ಸಾಕಾಗಿತ್ತು.

ಕಳೆದ ಮಳೆಗಾಲದಲ್ಲಿ ನೀರಿನ ಪೈಪು ಎರಡು ಕಳವಾಗಿದ್ದವು. ಹಾದಿಹೋಕರ ಕೆಲಸವೇ ಇರಬೇಕೆಂದು, ಕೆಳಗಿನ ರಸ್ತೆಯ ಉದ್ದಕ್ಕೂ ಒಂದು ಕಿಂಡಿಯೂ ಇಲ್ಲದಂತೆ ಎದೆಮಟ್ಟದ ಗೋಡೆ ಕಟ್ಟಿಸಿದಳು. ಈಗ ಆ ಗೋಡೆಯೇ ಅವಳಿಗೆ ಸಾಕ್ಷಿಯಾಯಿತು. ರಸ್ತೆಯ ಕಡೆಯಿಂದ ಬೆಕ್ಕೂ ಬರಲಾರದು ಎಂದಮೇಲೆ, ಬರುವವರು ಮೇಲಿನ ಗೇಟಿನಿಂದಲೇ ಬರಬೇಕು. ಆ ಗೇಟು ತೆರೆಯುವುದು ಒಂದೇ ಮನೆಗೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು ಎಂದು ಗಂಡನೆದುರು ಗೊಣಗಿದಳು. ಅವನು, ಅನುಮಾನಕ್ಕೂ ಒಂದು ಪಾತಿ ಮಾಡು, ಅದಂತೂ ಗೊಬ್ಬರವಿಲ್ಲದೆ ಬೆಳೆಯುತ್ತದೆ ಎಂದು ಹೇಳಿ ಕೆಲಸಕ್ಕೆ ಹೋದ.

ನಗುವ ಹೊತ್ತಾಗಿರಲಿಲ್ಲ ಅದು. ಕೊನೆಯ ಬೀಜಗಳು ಅಡುಗೆಮನೆಯ ಕಿಟಕಿಯ ಬಳಿ ಟ್ರೇಗಳಲ್ಲಿ ಮೊಳೆತಿದ್ದವು. ಬಿಸಿಲು ಸಾಲದೆ ಬಿಳಿಚಿಕೊಂಡು, ಗಾಜಿನ ಕಡೆಗೆ ಕತ್ತು ಚಾಚುತ್ತಿದ್ದವು. ಒಂದೆರಡು ದಿನದಲ್ಲಿ ಹೊರಗಿಡಲೇಬೇಕು. ಇವೂ ಸತ್ತರೆ ನರ್ಸರಿಗೆ ಬೀಗ ಹಾಕುವುದೇ. ಹದಿನೈದು ವರ್ಷ ತನ್ನ ಕೈಯನ್ನೇ ನಂಬಿದ್ದವಳಿಗೆ ಎದೆಯೊಳಗೆ ನಿಜವಾದ ಭಯ ಹೊಕ್ಕಿತು.

ಅಂದು ಸಂಜೆ ಒಲೆಯ ಬೂದಿಯನ್ನು ಜರಡಿ ಹಿಡಿದು, ಗೇಟಿನಿಂದ ಪಾತಿಯವರೆಗೆ ತೆಳ್ಳಗೆ ಚೆಲ್ಲಿದಳು. ಬೆಳಗಾಗುತ್ತಲೇ ಹೋಗಿ ನೋಡಿದರೆ ಬೂಟಿನ ಗುರುತು! ಎಡಗಾಲಿನ ಹಿಮ್ಮಡಿ ಸವೆದ ಬೂಟು. ಅಂಥ ಬೂಟು ಹಾಕುವವನು ಯಾರೆಂದು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ. ಗುರುತು ಹಿಡಿದು ಹೋದರೆ ಗೋಡೆಯ ಪಕ್ಕದ ಪಾತಿಯಲ್ಲಿ ಒಂದು ಕೋಲು ನೆಟ್ಟಿತ್ತು. ಅದಕ್ಕೆ ಪಾದದ ಮಟ್ಟದಲ್ಲಿ ಒಂದು, ಮಂಡಿಯ ಮಟ್ಟದಲ್ಲಿ ಒಂದು, ತಲೆಯ ಮಟ್ಟದಲ್ಲಿ ಒಂದು, ಹೀಗೆ ಮೂರು ಥರ್ಮಾಮೀಟರು ಕಟ್ಟಿದ್ದವು. ಸಸಿಯಮ್ಮ ಏನನ್ನೂ ಮುಟ್ಟಲಿಲ್ಲ. ಮನೆಗೆ ಹೋಗಿ ಪೊಲೀಸ್ ಠಾಣೆಗೆ ದೂರು ಬರೆದಳು, ಲಕೋಟೆಯಲ್ಲಿ ಹಾಕಿದಳು. ಇದು ಠಾಣೆ ಮುಟ್ಟಿದರೆ ಅಣ್ಣತಮ್ಮಂದಿರು ಮತ್ತೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೇ ಬರೆದಳು.

ಮರುದಿನ ಬೆಳಕು ಹರಿಯುವ ಮೊದಲೇ ಲಕೋಟೆ ಹಿಡಿದು ಪಾತಿಯ ಬಳಿ ಕಾದಳು. ಬಲೂನು ಬಂದ. ಅತ್ತಿಗೆಯನ್ನು ಕಂಡು ಗಲಿಬಿಲಿಗೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ, ಹಾಗಿದೆ ಇವನ ಮುಖ ಎಂದುಕೊಂಡಳು.

"ನನ್ನ ಪಾತೀಲಿ ಏನು ಮಾಡ್ತಿದ್ದೀಯ?"

"ನಾಲ್ಕು ತಿಂಗಳಿಂದ ನೀವು ಮಾತೇ ಆಡಿಲ್ಲ ಅತ್ತಿಗೆ. ಸಸಿ ಸಾಯ್ತಿರೋದು ಚಳಿಗೆ ಅಂತ ಹೇಗೆ ಹೇಳೋದು? ಅದಕ್ಕೇ ಅಳೆಯೋಕೆ ಶುರು ಮಾಡಿದೆ. ನೀವೇ ಓದಿ ನೋಡಿ."

ಬಗ್ಗಿ ಓದಿದಳು. ಪಾದದ ಬಳಿ ಸೊನ್ನೆಗಿಂತ ಒಂದು ಡಿಗ್ರಿ ಕಡಿಮೆ. ಮಂಡಿಯ ಬಳಿ ಒಂದು. ತಲೆಯ ಬಳಿ ಮೂರು.

"ಯಾರಿಗೆ ಕಥೆ ಹೇಳ್ತೀಯ? ಮೇಲೆ ಹೋದಷ್ಟೂ ತಂಪು ಅಂತ ನೀನೇ ಹೇಳ್ತಿದ್ದೆ. ಇಲ್ಲಿ ಮೇಲೆ ಬಿಸಿ, ಕೆಳಗೆ ತಂಪು. ಥರ್ಮಾಮೀಟರೂ ನಿನ್ನ ಹಾಗೇ ಸುಳ್ಳು ಹೇಳುತ್ತೇನು?"

ಅವನು ಸಿಟ್ಟಾಗಲಿಲ್ಲ. ಹಗಲಿನ ಮಾತು ಬೇರೆ ಎಂದು ವಿವರಿಸಿದ. ಬಿಸಿಲು ಗಾಳಿಯನ್ನು ಹೆಚ್ಚೇನೂ ಕಾಯಿಸುವುದಿಲ್ಲ, ದಾಟಿಕೊಂಡು ಬಂದು ನೆಲವನ್ನು ಕಾಯಿಸುತ್ತದೆ. ಕಾದ ನೆಲ ತನಗೆ ತಾಗಿದ ಗಾಳಿಯನ್ನು ಬಿಸಿಮಾಡಿ ಮೇಲಕ್ಕೆ ಕಳಿಸುತ್ತದೆ. ಒಲೆ ಇರುವುದು ಕೆಳಗೆ, ಅದಕ್ಕೇ ಮೇಲೆ ಹೋದಷ್ಟೂ ತಂಪು. ಮೋಡವಿಲ್ಲದ, ಗಾಳಿ ಬೀಸದ ರಾತ್ರಿ ಒಲೆ ಆರುತ್ತದೆ. ನೆಲ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ. ಭಾರವಾದದ್ದು ನೀರಿನಂತೆ ಇಳಿಜಾರು ಹಿಡಿದು ಕೆಳಗೆ ಹರಿಯುತ್ತದೆ.

"ಹರಿದು ಎಲ್ಲಿಗೆ ಹೋಗುತ್ತೆ?" ಎಂದಳು, ಇನ್ನೂ ನಂಬದ ದನಿಯಲ್ಲಿ.

"ಮೊದಲು ರಸ್ತೆ ದಾಟಿ ಹಳ್ಳಕ್ಕೆ ಹೋಗ್ತಿತ್ತು. ಕಾಗದ ಇದ್ರೆ ಕೊಡಿ, ತೋರಿಸ್ತೀನಿ."

ದೂರನ್ನು ತೆಗೆದಿಟ್ಟುಕೊಂಡು ಬರೀ ಲಕೋಟೆ ಕೊಟ್ಟಳು. ಬಲೂನು ಲಕೋಟೆಗೆ ಕಡ್ಡಿ ಗೀರಿ, ಹೊಗೆಗೆಂದು ತಂದಿದ್ದ ಒದ್ದೆ ಗೋಣಿಚೀಲದ ಒಣಗಿದ ಮೂಲೆಗೆ ಅದರಿಂದ ಬೆಂಕಿ ಹಚ್ಚಿ ಗೇಟಿನ ಬಳಿ ಇಟ್ಟ. ಹೊಗೆ ಸ್ವಲ್ಪ ಎದ್ದು, ಅಲ್ಲೇ ಸೋತು, ನೆಲ ಹಿಡಿದು ಕೆಳಗಿಳಿಯಿತು. ತಣ್ಣಗಿನ ಗಾಳಿ ಅದನ್ನು ಹೊತ್ತು ತಂದು ಗೋಡೆಗೆ ಮುಟ್ಟಿಸಿತು. ಮುಂದೆ ದಾರಿ ಇರಲಿಲ್ಲ. ಕೆರೆ ತುಂಬುವಂತೆ ಅಲ್ಲೇ ತುಂಬಿಕೊಂಡು, ಸತ್ತ ಸಸಿಗಳ ಮೇಲೆ ಹೊದಿಕೆಯಾಗಿ ಮಲಗಿತು.

ಸಸಿಯಮ್ಮ ಹೋಗಿ ಗೋಡೆಗೆ ಅಂಗೈ ಒತ್ತಿ ನೋಡಿದಳು. ಆಮೇಲೆ ಗಂಡನನ್ನು ಕೂಗಿ ಹಾರೆ ತರಿಸಿದಳು. ಮಧ್ಯಾಹ್ನದೊಳಗೆ ಗೋಡೆಯಲ್ಲಿ ಬುಡದವರೆಗೂ ನಾಲ್ಕು ಕಡೆ ಬಾಗಿಲಿನಷ್ಟು ಅಗಲದ ಕಿಂಡಿಗಳಾದವು. ಆದರೂ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ. ಗೋಡೆ ಒಡೆಸಿ ಕಳವು ಮಾಡುವ ಉಪಾಯವೂ ಇರಬಹುದು ಎಂದುಕೊಂಡು ಪ್ರತಿ ಕಿಂಡಿಯಲ್ಲೂ ಬೂದಿ ಚೆಲ್ಲಿದಳು. ದೂರನ್ನು ಹರಿಯಲಿಲ್ಲ, ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು. ಸಂಜೆ ಟ್ರೇಗಳನ್ನು ಗೋಡೆಯ ಪಕ್ಕದ ಪಾತಿಯಲ್ಲೇ ತಂದಿಟ್ಟಳು.

ಬೆಳಿಗ್ಗೆ ಆಕಾಶದಲ್ಲಿ ಒಂದು ಚೂರು ಮೋಡವೂ ಇರಲಿಲ್ಲ. ಬೂದಿಯ ಮೇಲೆ ಯಾರ ಹೆಜ್ಜೆಯೂ ಇರಲಿಲ್ಲ. ಪಾದದ ಬಳಿಯ ಥರ್ಮಾಮೀಟರು ಎರಡು ತೋರಿಸುತ್ತಿತ್ತು. ಒಂದೊಂದೇ ಎಲೆಯನ್ನು ಬೆರಳಿನಿಂದ ಎತ್ತಿ ನೋಡಿದಳು. ಎಲ್ಲವೂ ಜೀವಂತವಾಗಿದ್ದವು. ಈಗ ಅವಳಿಗೆ ಅಳು ಬಂತು.

ಮೇಲಿನಿಂದ ಬಲೂನು ಮತ್ತೆ ಗೋಣಿಚೀಲ ಹಿಡಿದು ಬಂದ. ಹೊಗೆ ಕಿಂಡಿಯಿಂದ ಆಚೆ ಹೋಗುವುದನ್ನೂ ನೋಡಿಬಿಡೋಣ, ಕಾಗದವಿದೆಯೇ ಎಂದು ಕೇಳಿದ. ಸಸಿಯಮ್ಮ ಸೆರಗಿನ ಗಂಟು ಬಿಚ್ಚಿ ದೂರನ್ನು ತೆಗೆದು, ತಾನೇ ಕಡ್ಡಿ ಗೀರಿದಳು.

"ಏನೋ ಬರೆದಿದೆಯಲ್ಲ ಅತ್ತಿಗೆ."

"ಸಸಿ ಕೊಂದವರ ಮೇಲೆ ದೂರು," ಎಂದಳು. "ಹೆಸರು ತಪ್ಪಾಗಿ ಬರೆದಿದ್ದೆ."