ಮೊದಲೆರಡು ಅಕ್ಷರ

ಮಾಂಜ್ರಾ ನದಿಯಲ್ಲಿ ಮರಳಷ್ಟೇ ಉಳಿದಿದ್ದ ಬೇಸಗೆ ಅದು. ಭಾಲ್ಕಿಯ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಶಿವಕಾಂತಾ ಗುತ್ತಿಗೆ ನೌಕರಿಯಲ್ಲಿದ್ದಳು. ಔರಾದ ಕಡೆಯ ಬೋರ್‌ವೆಲ್‌ಗಳಿಂದ ಸಹಾಯಕ ಯುನುಸ ಬಾಟಲಿಗಳಲ್ಲಿ ನೀರು ತರುತ್ತಿದ್ದ. ಟ್ಯಾಂಕರ್ ತುಂಬಲು ಆ ನೀರು ಯೋಗ್ಯವೋ ಅಲ್ಲವೋ ಎಂದು ಅವಳು ನೋಡಿ, ಸಂಜೆಯೊಳಗೆ ಬೀದರಿನ ಸಾಹೇಬರಿಗೆ ಇ-ಮೇಲ್ ಮಾಡಬೇಕು.

ಮಳೆಗಾಲದ ಹೊತ್ತಿಗೆ ಗುತ್ತಿಗೆ ಮುಗಿಯುತ್ತಿತ್ತು. ಮುಂದುವರಿದರೆ ಮಗಳು ಭಾಗ್ಯಳ ಸಾಲೆ ಇಲ್ಲಿಯೇ. ಇಲ್ಲದಿದ್ದರೆ ಪುಣೆಯ ಲೇಬರ್ ಶೆಡ್ಡು. ಗಂಡ ಆಗಲೇ ಅಲ್ಲಿದ್ದ. ಭಾಲ್ಕಿಯ ಬೀಜದಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವನಿಗೆ, ಬಿತ್ತನೆಯೇ ಇಲ್ಲದ ಮೇಲೆ ಕೆಲಸವೂ ಇರಲಿಲ್ಲ. ಈಗ ಕಟ್ಟಡದ ಸೈಟಿನ ಸ್ಟೋರಿನಲ್ಲಿ ಸಿಮೆಂಟು, ಕಬ್ಬಿಣ ಕಾಯುತ್ತಿದ್ದ. ಶೆಡ್ಡಿನಲ್ಲಿ ಅವನ ಮೊಬೈಲು ಕಳುವಾದ ಮೇಲೆ ಸ್ಟೋರಿನ ಕಂಪ್ಯೂಟರಿಗೆ ಹೋಗುವ ಇ-ಮೇಲ್ ಒಂದೇ ಮಾತಿನ ದಾರಿ.

ಪ್ರಯೋಗಾಲಯದ ಕಂಪ್ಯೂಟರಿನ ನೆತ್ತಿಗೆ ಸೂಚನೆ ಅಂಟಿಸಿತ್ತು: ಈ ಯಂತ್ರ ಮತ್ತು ಇ-ಮೇಲ್ ಕಚೇರಿ ಕೆಲಸಕ್ಕೆ ಮಾತ್ರ. ಅದರ ಪ್ರತಿಗೆ ಅವಳೂ ಯುನುಸನೂ ಸಹಿ ಹಾಕಿದ್ದರು. ಪಾಸ್‌ವರ್ಡ್ ಇಬ್ಬರಿಗೂ ಒಂದೇ.

ಗಂಡನ ಹೆಸರು ವೈಜಿನಾಥ. ಪರಳಿಯ ದೇವರ ಹೆಸರು ಈ ಸೀಮೆಯಲ್ಲಿ ಓಣಿಗೊಬ್ಬರಿಗಾದರೂ ಇರುತ್ತದೆ. ಶಿವಕಾಂತಾ ಅದನ್ನು ಬಾಯಿಬಿಟ್ಟು ಹೇಳಿದವಳಲ್ಲ. ಎಂ.ಎಸ್ಸಿ. ಓದಿದವಳಿಗೆ ಅದು ನಂಬಿಕೆಯಾಗಿ ಉಳಿದಿರಲಿಲ್ಲ, ಅಭ್ಯಾಸವಾಗಿ ಉಳಿದಿತ್ತು. ಕೈಗೂ ಅದೇ ಅಭ್ಯಾಸ: ಅವನಿಗೆ ಇ-ಮೇಲ್ ಬರೆಯುವಾಗ ಹೆಸರಿನ ಮೊದಲೆರಡು ಅಕ್ಷರ ಒತ್ತಿದರೆ ಯಂತ್ರವೇ ಉಳಿದದ್ದನ್ನು ತುಂಬಿಕೊಳ್ಳುತ್ತಿತ್ತು. ಒಂದು ಸಂಜೆ ಯಂತ್ರ ಸಾಹೇಬರ ವಿಳಾಸ ತುಂಬಿತು. ಅವರೂ ವೈಜಿನಾಥರೇ. ಅವಳು ನೋಡಲಿಲ್ಲ.

'ರೀ, ಭಾಗ್ಯ ನಿಮ್ಮ ಅಂಗಿ ಹೊದ್ದುಕೊಂಡು ಮಲಗ್ತಾಳ. ಒಗೀಲಾಕ ಕೊಡವಲ್ಲಳು. ಇಲ್ಲಿ ನೌಕರಿ ಇರೋತನಕ ನಮಗ ಕರೀಬ್ಯಾಡ್ರಿ. ಆದ್ರ ನೀವಿಲ್ಲದ ಮನಿ ನನಗ ನುಂಗಲತ್ತದ.'

ಬೀದರಿನ ಕಚೇರಿಯಲ್ಲಿ ಬಂದ ಇ-ಮೇಲ್‌ಗಳನ್ನೆಲ್ಲ ಗುಮಾಸ್ತ ಮಚ್ಛೇಂದ್ರ ಕಾಗದದ ಮೇಲೆ ತೆಗೆದು, ಆವಕ ನಂಬರಿನ ಮೊಹರು ಹೊಡೆದು, ಕಡತಕ್ಕೆ ಸೇರಿಸುತ್ತಿದ್ದ. ಎಕಂಬಾ ಊರಿನ ನೀರಿನ ವರದಿಯ ಬೆನ್ನಿಗೇ ಈ ಪತ್ರವೂ ಮೊಹರು ಬಿದ್ದು ಟೇಬಲ್ಲಿನಿಂದ ಟೇಬಲ್ಲಿಗೆ ಹೋಯಿತು.

"ಮೇಡಂ, ಬೀದರದಾಗ ನಿಮ್ಮ ಕಾಗದ ಎಲ್ಲಾರೂ ಓದಲತ್ಯಾರಂತ್ರಿ," ಎಂದು ಮರುದಿನ ಯುನುಸ ನೆಲ ನೋಡುತ್ತ ಹೇಳಿದ. ಮಧ್ಯಾಹ್ನ ಬೀದರಿನ ಕಚೇರಿಗೆ ಬರಬೇಕೆಂದು ಕರೆ ಬಂತು.

ಸಾಹೇಬರು ಕೆಟ್ಟವರಲ್ಲ. ಎದುರಿಗೆ ಕುರ್ಚಿ ತೋರಿಸಿದರು.

"ಯಾರಿಗಿ ಬರದೀರಿ ಇದು?"

"ಭಾಗ್ಯನ ಅಪ್ಪಗ್ರಿ."

"ಅವರ ಹೆಸರು?"

ಶಿವಕಾಂತಾ ಮೇಜಿನ ಮೇಲಿದ್ದ ಸಾಹೇಬರ ಹೆಸರಿನ ಫಲಕಕ್ಕೆ ಬೆರಳು ತೋರಿಸಿದಳು.

ಬಾಗಿಲಲ್ಲಿ ನಿಂತಿದ್ದ ಮಚ್ಛೇಂದ್ರ ನಕ್ಕುಬಿಟ್ಟ. "ಮುಗೀತು ಬಿಡ್ರಿ! ಸಾಹೇಬ್ರ, ಅಂಗಿ ನಿಮ್ದೇ ಅಂತ!"

"ನಿನಗ ಅಕಲ್ ಅದ ಏನೋ? ಮೊಹರು ಹೊಡಿಯೂಕಿಂತ ಮುಂಚೆ ಓದಬಾರದಾಗಿತ್ತಾ?"

"ಬಂದಿದ್ದೆಲ್ಲಾ ತಗೀ ಅಂದೋರು ನೀವೇ ಅಲ್ಲೇನ್ರಿ? ತಗದೀನಿ."

ಅವನನ್ನು ಹೊರಗೆ ಕಳಿಸಿ ಸಾಹೇಬರು ದನಿ ತಗ್ಗಿಸಿದರು. "ನೋಡ್ರಿ ಬಾಯಿ, ಆವಕ ನಂಬರ್ ಬಿದ್ದದ. ಹರದು ಒಗೀಲಾಕ ಬರಲ್ಲ. ನಿಮ್ಮ ಖಾಸಗಿ ಪತ್ರ ಅಂದ್ರ ನಿಯಮ ಮುರದಂಗ, ಗುತ್ತಿಗಿ ಹೋಗ್ತದ. ಒಂದ್ ಕೆಲಸ ಮಾಡ್ರಿ. ನಾ ಬರದಿಲ್ಲ, ಯಾರೋ ಚೇಷ್ಟಾ ಮಾಡ್ಯಾರ ಅಂತ ಬರಕೊಡ್ರಿ. ನಾ ಮುಗಸ್ತೀನಿ."

"ಪಾಸ್‌ವರ್ಡ್ ನನಗ ಮತ್ತ ಯುನುಸಗ ಅಷ್ಟೇ ಗೊತ್ತದ್ರಿ."

ಸಾಹೇಬರು ಪೆನ್ನಿನ ಮುಚ್ಚಳ ತಿರುವಿದರು. "ಯಾರ ಹೆಸರೂ ಬರೀಬ್ಯಾಡ್ರಿ."

ಹೆಸರು ಬರೆಯಬೇಕಾಗಿಯೇ ಇರಲಿಲ್ಲ. ಇಬ್ಬರಲ್ಲಿ ಒಬ್ಬರನ್ನು ಕಳೆದರೆ ಉಳಿಯುವವನು ಯಾರೆಂದು ಮಚ್ಛೇಂದ್ರನಿಗೂ ಗೊತ್ತು. ಆದರೆ ಅವಳನ್ನು ತಡೆದದ್ದು ಅದೊಂದೇ ಅಲ್ಲ. ಗಂಡನಿಗೆ ಎದುರಿಗೆ ಹೇಳಲಾಗದೆ ಉಳಿದಿದ್ದ ಮಾತನ್ನು ಜೀವಮಾನದಲ್ಲಿ ಒಮ್ಮೆ ಬರೆದಿದ್ದಳು. ಅದು ಅವನಿಗೆ ಮುಟ್ಟಿರಲಿಲ್ಲ. ಈಗ ಅದು ಯಾರದೋ ಚೇಷ್ಟೆಯೆಂದು ಸಹಿ ಹಾಕಬೇಕು.

ಅವಳು ಬರೆದುಕೊಟ್ಟಳು: ಪತ್ರ ನನ್ನದು. ಗಂಡನಿಗೆ ಬರೆದದ್ದು. ನಿಯಮ ಗೊತ್ತಿತ್ತು.

ಸಾಹೇಬರು ಓದಿ ಕಾಗದವನ್ನು ಮೇಜಿನ ಮೇಲಿಟ್ಟರು. "ಇಷ್ಟು ಖರೇ ಬರಿಯೂದು ಬೇಕಿತ್ತೇನ್ರಿ?" ಎಂದರು. ಆಮೇಲೆ, ಬೇರೆ ದಾರಿ ಉಳಿಯದವರಂತೆ, ಮಚ್ಛೇಂದ್ರನನ್ನು ಕೂಗಿ ಅದಕ್ಕೂ ಮೊಹರು ಹೊಡೆಯಲು ಹೇಳಿದರು.

ಗುತ್ತಿಗೆ ಮುಂದುವರಿಯಲಿಲ್ಲ. ಕೊನೆಯ ದಿನ ಯುನುಸ ತಂದ ಬಾಟಲಿಗಳನ್ನು ಅವಳೇ ಪರೀಕ್ಷಿಸಿದಳು. ಎರಡು ಊರಿನ ನೀರು ಕುಡಿಯಲು ಯೋಗ್ಯವಿರಲಿಲ್ಲ. ವರದಿ ಕಳಿಸುವ ಕೆಲಸ ಯುನುಸನದಾಯಿತು. ಅವಳು ಕಂಪ್ಯೂಟರ್ ಮುಟ್ಟಕೂಡದೆಂದು ಆದೇಶವಾಗಿತ್ತು.

ಮನೆಗೆ ಬಂದಾಗ ಭಾಗ್ಯ ಹೊಸ್ತಿಲ ಮೇಲೆ ಕೂತಿದ್ದಳು.

"ಅಪ್ಪ ಯಾವಾಗ ಬರ್ತಾನವ್ವ?"

"ಅಪ್ಪ ಬರಲ್ಲ. ನಾವೇ ಹೋಗೂದು."

"ಖರೇ? ಸಾಲಿ?"

"ಅಲ್ಲಿ ನೋಡಣ."

ಭಾಗ್ಯ ಚಪ್ಪಾಳೆ ತಟ್ಟಿದಳು. ಪಕ್ಕದ ಮನೆಯ ಕಸ್ತೂರಿಬಾಯಿಗೆ ಹೇಳಿಬರಲು ಬರಿಗಾಲಲ್ಲೇ ಓಡಿದಳು. "ಆಯಿ, ನಾವು ಪುಣಾಕ ಹೊಂಟೀವಿ!" ಎಂದು ಅವಳು ಕೂಗುವುದು ಓಣಿಯುದ್ದಕ್ಕೂ ಕೇಳುತ್ತಿತ್ತು. ಮಗಳು ಇಷ್ಟು ಸಂತೋಷಪಟ್ಟು ಎಷ್ಟೋ ತಿಂಗಳಾಗಿತ್ತು. ಶಿವಕಾಂತಾ ಅವಳನ್ನು ಹಿಂದಕ್ಕೆ ಕರೆಯಲಿಲ್ಲ.